ಎಂಆರ್‌ಐ ಕಾಯಿಲ್ ಪಕ್ಕ ಮೆಟಾಸರ್ಫೇಸ್ ಇಟ್ಟರೆ ಚಿತ್ರ ನಿಜಕ್ಕೂ ಸುಧಾರಿಸುತ್ತಾ?

ಸುರುಳಿ_ಸಾಗರ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಸಾಗರದವಳು. ಈಗ ಹಾಲೆಂಡಿನ ಒಂದು ಲ್ಯಾಬ್‌ನಲ್ಲಿ 7 ಟೆಸ್ಲಾ (ಟೆಸ್ಲಾ ಅಂದರೆ ಅಯಸ್ಕಾಂತದ ಬಲದ ಅಳತೆ) ಎಂಆರ್‌ಐಗೆ ಕಾಯಿಲ್ ಕಟ್ಟುತ್ತೇನೆ. ನಾಲ್ಕು ವರ್ಷ ಆಯ್ತು. ಹೋದ ವಾರ ನನ್ನ ಅತ್ತೆ ಮಗ ಒಂದು ಸುದ್ದಿ ಕಳಿಸಿ ಕೇಳಿದ: "ಮೆಟಾಸರ್ಫೇಸ್ ಅನ್ನೋ ಒಂದು ಹಾಳೆ ಇಟ್ಟರೆ ಎಂಆರ್‌ಐ ಚಿತ್ರ ನಾಲ್ಕು ಪಟ್ಟು ಚೆನ್ನಾಗಿ ಬರುತ್ತಂತೆ. ಮತ್ತೆ ದೊಡ್ಡ ದೊಡ್ಡ ಯಂತ್ರಕ್ಕೆ ಅಷ್ಟು ದುಡ್ಡು ಯಾಕೆ?" ಫೋನಲ್ಲಿ ಐದು ನಿಮಿಷಕ್ಕೆ ಹೇಳಿ ಮುಗಿಸುವ ವಿಷಯ ಅಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೊಂದರೆ ಏನು ಅಂತ ನೋಡೋಣ. ನಮ್ಮ ಮೈಯಲ್ಲಿರುವ ಹೈಡ್ರೋಜನ್ ಪ್ರತಿ ಟೆಸ್ಲಾಗೆ 42.58 ಮೆಗಾಹರ್ಟ್ಸ್ ಲೆಕ್ಕದಲ್ಲಿ ಉತ್ತರ ಕೊಡುತ್ತದೆ. 1.5 ಟೆಸ್ಲಾದಲ್ಲಿ ಸುಮಾರು 64, 3 ಟೆಸ್ಲಾದಲ್ಲಿ 128, 7 ಟೆಸ್ಲಾದಲ್ಲಿ 298 ಮೆಗಾಹರ್ಟ್ಸ್. ಈ ಫ್ರೀಕ್ವೆನ್ಸಿಯಲ್ಲಿ ಅಲೆ ಕಳಿಸುವುದು, ವಾಪಸ್ ಬಂದದ್ದನ್ನು ಹಿಡಿಯುವುದು, ಎರಡೂ ಕಾಯಿಲ್ ಕೆಲಸ. 298 ಮೆಗಾಹರ್ಟ್ಸ್ ಅಲೆ ಗಾಳಿಯಲ್ಲಿ ಒಂದು ಮೀಟರ್ ಉದ್ದ. ಮಿದುಳಿನೊಳಗೆ ಹೋದರೆ ಸುಮಾರು 13 ಸೆಂಟಿಮೀಟರ್‌ಗೆ ಕುಗ್ಗುತ್ತದೆ. ತಲೆ ಅದಕ್ಕಿಂತ ದೊಡ್ಡದು. ಎಡವಟ್ಟು ಶುರುವಾಗುವುದೇ ಇಲ್ಲಿ.

ನೀರು ತುಂಬಿದ ಹಂಡೆಯ ಅಂಚಿಗೆ ಸುತ್ತಲೂ ಮೆಲ್ಲಗೆ ಬಡಿದು ನೋಡಿ. ಅಲೆಗಳೆಲ್ಲ ನಡುವೆ ಸೇರಿ ನೀರು ಅಲ್ಲಿ ಎದ್ದು ಕುಣಿಯುತ್ತದೆ. ನಡುವಿಂದ ಸ್ವಲ್ಪ ಆಚೆ ಅಲುಗಾಡದೇ ನಿಂತಂತೆ ಕಾಣುತ್ತದೆ. 7 ಟೆಸ್ಲಾದಲ್ಲಿ ತಲೆಯೊಳಗೆ ಆಗುವುದು ಹೆಚ್ಚುಕಡಿಮೆ ಇದೇ. ಮಿದುಳಿನ ನಡುಭಾಗ ಬೆಳ್ಳಗೆ ಹೊಳೆಯುತ್ತದೆ. ಕಿವಿ ಪಕ್ಕದ ಟೆಂಪೊರಲ್ ಲೋಬ್, ಹಿಂದೆ ಕೆಳಗಿನ ಸೆರಿಬೆಲ್ಲಮ್ ಕಪ್ಪಾಗಿ ಮುಳುಗುತ್ತವೆ. ಮೂರ್ಛೆ ರೋಗದಲ್ಲಿ ಡಾಕ್ಟರ್ ಹುಡುಕುವ ಗಾಯ ಎಷ್ಟೋ ಸಲ ಇರುವುದು ಆ ಟೆಂಪೊರಲ್ ಲೋಬ್‌ನಲ್ಲೇ. ಇಷ್ಟು ದೊಡ್ಡ ಅಯಸ್ಕಾಂತ ತಂದಿಟ್ಟು, ಬೇಕಾದ ಜಾಗವೇ ಕಾಣದಿದ್ದರೆ ಸಂಕಟ ಆಗುತ್ತೆ.

ಇದಕ್ಕೆ ಹಳೇ ಉಪಾಯ ಡೈಎಲೆಕ್ಟ್ರಿಕ್ ಪ್ಯಾಡ್. ಕ್ಯಾಲ್ಸಿಯಂ ಟೈಟನೇಟ್ ಪುಡಿಯನ್ನು ಭಾರಜಲದಲ್ಲಿ ಕಲಸಿ, ದೋಸೆ ಹಿಟ್ಟಿಗಿಂತ ಗಟ್ಟಿ ಮಾಡಿ, ಚೀಲಕ್ಕೆ ತುಂಬಿ ಕಿವಿ ಪಕ್ಕ ಇಡುವುದು. ಪರ್ಮಿಟಿವಿಟಿ, ಅಂದರೆ ಒಳಗೆ ಬಂದ ಅಲೆಯನ್ನು ಕುಗ್ಗಿಸುವ ಗುಣ, ಸುಮಾರು 110. ಬೇರಿಯಂ ಟೈಟನೇಟ್ ಆದರೆ 300ರ ಹತ್ತಿರ ಹೋಗುತ್ತೆ. ಭಾರಜಲ ಯಾಕೆ ಅಂದರೆ, ಮಾಮೂಲಿ ನೀರು ಹಾಕಿದರೆ ಅದರ ಹೈಡ್ರೋಜನ್‌ನಿಂದ ಪ್ಯಾಡೇ ಚಿತ್ರದಲ್ಲಿ ಹೊಳೆಯುತ್ತದೆ. ಪ್ಯಾಡ್ ಚೆನ್ನಾಗೇ ಕೆಲಸ ಮಾಡುತ್ತೆ. ಆದರೆ ದಪ್ಪ, ಭಾರ, ಮೇಲಾಗಿ ದಿನ ಕಳೆದಂತೆ ಒಣಗುತ್ತದೆ. ತಲೆಗೂ ಕಾಯಿಲ್‌ಗೂ ನಡುವೆ ಇರುವ ಜಾಗವೇ ಎರಡು ಬೆರಳಷ್ಟು.

ಮೆಟಾಸರ್ಫೇಸ್ ಬರುವುದು ಇಲ್ಲಿ. ತೆಳ್ಳಗಿನ ಹಾಳೆ, ಅದರ ಮೇಲೆ ಒಂದೇ ಅಳತೆಯ ತಾಮ್ರದ ಪಟ್ಟಿಗಳ ಅಥವಾ ರಿಂಗ್‌ಗಳ ಸಾಲು. ಒಂದೊಂದು ತುಂಡೂ ಅಲೆಗಿಂತ ತುಂಬಾ ಚಿಕ್ಕದು. ಹಾಗಾಗಿ ಅಲೆಗೆ ಬಿಡಿ ತುಂಡುಗಳು ಕಾಣುವುದಿಲ್ಲ, ಒಂದು ಹೊಸ ವಸ್ತುವೇ ಎದುರಾದಂತೆ ಆಗುತ್ತದೆ. ಆ ವಸ್ತುವಿನ ಗುಣ ಹೇಗಿರಬೇಕು ಅಂತ ತುಂಡಿನ ಆಕಾರದಿಂದ ನಾವೇ ತೀರ್ಮಾನಿಸಬಹುದು. 2017ರಲ್ಲಿ ರೀಟಾ ಶ್ಮಿಟ್, ಅಲೆಕ್ಸಿ ಸ್ಲೊಬೊಝಾನ್ಯುಕ್, ಪಾವೆಲ್ ಬೆಲೊವ್, ಆಂಡ್ರ್ಯೂ ವೆಬ್ ಸೇರಿ 7 ಟೆಸ್ಲಾದಲ್ಲಿ ಮನುಷ್ಯರ ತಲೆಯ ಮೇಲೆ ಇದನ್ನು ಮಾಡಿ ತೋರಿಸಿದರು. ತಾಮ್ರದ ಪಟ್ಟಿಗಳು, ಜೊತೆಗೆ ಹೆಚ್ಚು ಪರ್ಮಿಟಿವಿಟಿಯ ತೆಳ್ಳಗಿನ ಪದರ. ಆ ಪದರ ಬೇಕೇ ಬೇಕು. ಯಾಕೆಂದರೆ 298 ಮೆಗಾಹರ್ಟ್ಸ್‌ನಲ್ಲಿ ಗಾಳಿಯಲ್ಲಿ ಅರ್ಧ ಅಲೆ ಅಂದರೆ 50 ಸೆಂಟಿಮೀಟರ್ ಪಟ್ಟಿ. ಅದನ್ನು ತಲೆ ಪಕ್ಕ ಎಲ್ಲಿಡೋದು? ಪದರ ಇದ್ದರೆ ಪಟ್ಟಿ ಕುಗ್ಗುತ್ತದೆ.

ನನಗೆ ಇದರ ಮೇಲೆ ನಂಬಿಕೆ ಇದೆ. ಆದರೆ ನಾಲ್ಕು ಪಟ್ಟು ಅನ್ನೋ ಮಾತಿನ ಬಗ್ಗೆ ಗಟ್ಟಿ ಅಭಿಪ್ರಾಯವೂ ಇದೆ. ಮೊದಲು ನೀವು ಹೇಳಿ.

ಹುಬ್ಬಳ್ಳಿ_ಸ್ಕ್ಯಾನ್ · ಸೋಮವಾರ ರಾತ್ರಿ 10:25

ಮೇಡಂ, ಚಲೋ ಬರದೀರಿ. ನಾನು ಹನ್ನೆರಡು ವರ್ಷದಿಂದ ಎಂಆರ್‌ಐ ಟೆಕ್ನೀಷಿಯನ್. 7 ಟೆಸ್ಲಾ ನಾವು ಕಣ್ಣಿಂದ ನೋಡಿಲ್ಲ. ಆದರೆ ನೀವು ಹೇಳಿದ ಕಪ್ಪು ನಮಗೆ 3 ಟೆಸ್ಲಾದಲ್ಲೇ ಗೊತ್ತು. ತಲೆಯಲ್ಲಲ್ಲ, ಹೊಟ್ಟೆಯಲ್ಲಿ. ಲಿವರ್ ಹಾಳಾಗಿ ಹೊಟ್ಟೆಯಲ್ಲಿ ನೀರು ತುಂಬಿದ ಪೇಷಂಟ್ ಬಂದರೆ ನಡುವೆ ದೊಡ್ಡ ಕರಿ ಮೋಡ ಕೂತಂಗೆ ಬರುತ್ತೆ. ಅದೇ ಪೇಷಂಟನ್ನ 1.5ಕ್ಕೆ ಹಾಕಿದರೆ ಆ ಮೋಡ ಇರಂಗಿಲ್ಲ. ಮೊದಮೊದಲು ಕಾಯಿಲ್ ಕೆಟ್ಟಿದೆ ಅಂತ ನಾನು ಎರಡು ಸಲ ಕಾಯಿಲ್ ಬದಲಿಸಿ ಮತ್ತೆ ಮಲಗಿಸಿದ್ದೆ. ಉಸಿರು ಹಿಡಿಯೋಕೂ ಆಗದ ಮನುಷ್ಯ. ಅವತ್ತಿನ ಅವರ ಮುಖ ಇವತ್ತಿಗೂ ಮರೆತಿಲ್ಲ.

ನಮಗೂ ಹಿಂದೆ ಒಂದು ಜೆಲ್ ದಿಂಬು ಕೊಟ್ಟಿದ್ದರು, ಹೊಟ್ಟೆ ಮೇಲೆ ಇಡೋಕೆ. ಭಾರ ಅಂತ ಪೇಷಂಟ್ ಒಪ್ಪುತ್ತಿರಲಿಲ್ಲ. ಆ ದಿಂಬಿನ ಬದಲು ಒಂದು ತೆಳು ಹಾಳೆ ಆಗುತ್ತೆ ಅಂದರೆ ನಾನಂತೂ ಕೈ ಮುಗಿದು ತಗೋತೀನಿ. ಒಂದೇ ಪ್ರಶ್ನೆ. ತಾಮ್ರ ಅಂತೀರಲ್ಲ, ಬಿಸಿ ಆಗಂಗಿಲ್ಲೇನ್ರಿ? ಒಂದು ವೈರ್ ಸುತ್ತಿಕೊಂಡು ಮೈಗೆ ತಾಗಿದರೂ ಸುಡುತ್ತೆ ಅಂತ ನಾವು ಪ್ರತಿ ಪೇಷಂಟಿಗೂ ನೋಡಿ ನೋಡಿ ಮಲಗಿಸ್ತೀವಿ. ಎರಡೂ ಕೈ ಜೋಡಿಸಿ ಹಿಡಕೊಳ್ಳೋಕೂ ಬಿಡಂಗಿಲ್ಲ.

ಸ್ಯಾಂಕಿ_ಆಂಟೆನಾ · ಮಂಗಳವಾರ ಬೆಳಿಗ್ಗೆ 7:15

ನಾನು ಬೆಂಗಳೂರಲ್ಲಿ ಆಂಟೆನಾ ಡಿಸೈನ್ ಮಾಡೋನು, ರೇಡಾರ್ ಕಡೆ. ಮೆಟಾಸರ್ಫೇಸ್ ನಮ್ಮಲ್ಲೂ ಬಹಳ ವರ್ಷದಿಂದ ಓಡುತ್ತಿರುವ ಮಾತು. ಹಾಗಾಗಿ ಸ್ವಲ್ಪ ಗಟ್ಟಿಯಾಗೇ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ನಾಲ್ಕು ಪಟ್ಟು ಅಂದರೆ ಯಾವುದಕ್ಕಿಂತ? 2016ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಐಟಿಎಂಒ ಯೂನಿವರ್ಸಿಟಿ ತಂಡ 1.5 ಟೆಸ್ಲಾದಲ್ಲಿ ಲೋಹದ ತಂತಿಗಳ ಹಾಸನ್ನು ನೀರಲ್ಲಿ ಇಟ್ಟು ಎಸ್‌ಎನ್‌ಆರ್ (ನಾಯ್ಸ್‌ಗೆ ಹೋಲಿಸಿದರೆ ಸಿಗ್ನಲ್ ಎಷ್ಟು ಅನ್ನೋ ಲೆಕ್ಕ) 2.7 ಪಟ್ಟು ಏರಿಸಿತು. 2019ರಲ್ಲಿ ಬೋಸ್ಟನ್ ಯೂನಿವರ್ಸಿಟಿಯ ಕ್ಸಿನ್ ಜಾಂಗ್ ಅವರ ತಂಡ ಸ್ಪ್ರಿಂಗ್‌ನಂಥ ಸುರುಳಿಗಳ ಸಾಲು ಇಟ್ಟು 4.2 ಪಟ್ಟು ಅಂತ ಬರೆಯಿತು. ಎರಡೂ ಒಳ್ಳೇ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ದೊಡ್ಡ ಅಂಕಿ ಬರುವುದು ಸಾಮಾನ್ಯವಾಗಿ ಯಂತ್ರದ ಗೋಡೆಯೊಳಗಿರುವ ಬಾಡಿ ಕಾಯಿಲ್‌ಗೆ ಹೋಲಿಸಿದಾಗ. ಬಾಡಿ ಕಾಯಿಲ್ ಮೈಯಿಂದ ದೂರ ಇರುತ್ತೆ. ಅದಕ್ಕೆ ಹೋಲಿಸಿದರೆ ಮಾಮೂಲಿ ಮೊಣಕಾಲು ಕಾಯಿಲ್ ಕೂಡ ಹಲವು ಪಟ್ಟು ಚೆನ್ನಾಗಿರುತ್ತಲ್ವಾ? ಮೈಗೆ ಅಂಟಿ ಕೂತ ಒಳ್ಳೇ 32 ಚಾನೆಲ್ ಅರೇ (32 ಚಿಕ್ಕ ಕಾಯಿಲ್‌ಗಳ ಗುಂಪು) ಪಕ್ಕ ಇಟ್ಟು ಅಳೆದರೆ ಎಷ್ಟು ಉಳಿಯುತ್ತೆ? ಅದನ್ನು ಹೇಳಿ.

ಸುರುಳಿ_ಸಾಗರ · ಮಂಗಳವಾರ ಮಧ್ಯಾಹ್ನ 1:05

ಸ್ಯಾಂಕಿ ಸರ್, ನಾನು ಹೇಳಬೇಕು ಅಂದುಕೊಂಡಿದ್ದೇ ಇದು. ಬೇಜಾರೇನೂ ಇಲ್ಲ.

ಒಂದು ಘಟನೆ ಹೇಳ್ತೀನಿ. ನನ್ನ ಎರಡನೇ ವರ್ಷ. ಎಂಟು ಪಟ್ಟಿಯ ಒಂದು ಹಾಳೆ ಮಾಡಿದ್ದೆ. ಫ್ಯಾಂಟಮ್ (ಮನುಷ್ಯರ ಬದಲು ಇಡುವ ದ್ರವದ ಡಬ್ಬಿ) ಮೇಲೆ ಇಟ್ಟು, ಅದರ ಮೇಲೆ ಒಂಟಿ ಲೂಪ್ ಕಾಯಿಲ್ ಇಟ್ಟು, ಟ್ಯೂನ್ ಮಾಡಿ, ಮ್ಯಾಚ್ ಮಾಡಿ ಅಳೆದೆ. ಆಮೇಲೆ ಹಾಳೆ ಎಳೆದು ತೆಗೆದು ಮತ್ತೆ ಅಳೆದೆ. ಹಾಳೆ ಇದ್ದಾಗ ಸಿಗ್ನಲ್ 40 ಶೇಕಡಾ ಜಾಸ್ತಿ! ರಾತ್ರಿ ಹತ್ತಕ್ಕೆ ಲ್ಯಾಬ್‌ನಲ್ಲಿ ಒಬ್ಬಳೇ. ಖುಷಿಗೆ ಅಮ್ಮನಿಗೆ ಫೋನ್ ಮಾಡಿದೆ, ಅಲ್ಲಿ ನಡುರಾತ್ರಿ ಕಳೆದಿತ್ತು. ಮಾರನೇ ದಿನ ನಮ್ಮ ಗೈಡ್ ಒಂದೇ ಪ್ರಶ್ನೆ ಕೇಳಿದರು: "ಹಾಳೆ ತೆಗೆದ ಮೇಲೆ ಕಾಯಿಲನ್ನು ಮತ್ತೆ ಟ್ಯೂನ್ ಮಾಡಿದೆಯಾ?" ಮಾಡಿರಲಿಲ್ಲ. ಹಾಳೆ ತೆಗೆದ ತಕ್ಷಣ ಕಾಯಿಲ್ ಫ್ರೀಕ್ವೆನ್ಸಿ ಸರಿದಿತ್ತು. ನಾನು ಹೋಲಿಸಿದ್ದು ಶ್ರುತಿ ಸರಿಯಿರುವ ತಂಬೂರಿಯನ್ನು ಶ್ರುತಿ ತಪ್ಪಿದ ತಂಬೂರಿಗೆ. ಮತ್ತೆ ಟ್ಯೂನ್ ಮಾಡಿ ಅಳೆದಾಗ 40 ಇದ್ದದ್ದು 9ಕ್ಕೆ ಇಳಿಯಿತು.

ಆವತ್ತಿಂದ ಯಾವ ಪೇಪರ್ ಓದಿದರೂ ಮೊದಲು ನೋಡುವುದು ಯಾವುದಕ್ಕೆ ಹೋಲಿಸಿದ್ದಾರೆ ಅಂತ.

ಇದರ ಹಿಂದೆ ಒಂದು ಕಾರಣ ಇದೆ. 7 ಟೆಸ್ಲಾದಲ್ಲಿ ಕಾಯಿಲ್‌ಗೆ ಬರುವ ನಾಯ್ಸ್‌ನ ದೊಡ್ಡ ಪಾಲು ಪೇಷಂಟಿನ ಮೈಯಿಂದಲೇ ಬರುತ್ತೆ. ತಾಮ್ರದಿಂದ ಬರುವುದು ಕಡಿಮೆ. ನೀವು ಏನೇ ಹಾಳೆ ಇಟ್ಟರೂ ಮೈಯ ನಾಯ್ಸ್ ಹೋಗುವುದಿಲ್ಲ. ಸಿಗ್ನಲ್ ಏರಿಸಿದ ಹಾಳೆಯೇ ಆ ನಾಯ್ಸನ್ನೂ ಏರಿಸುತ್ತದೆ, ಮೇಲೆ ತನ್ನದೊಂದಿಷ್ಟು ಸೇರಿಸುತ್ತದೆ. ಮೈಯೊಳಗಿನ ಯಾವುದೇ ಜಾಗಕ್ಕೆ ಇಷ್ಟೇ ಎಸ್‌ಎನ್‌ಆರ್ ಸಾಧ್ಯ ಅಂತ ಮೇಲಿನ ಮಿತಿ ಇದೆ, ಲೆಕ್ಕ ಹಾಕಿ ತೆಗೆಯಬಹುದು. ಹೊರಗೆ ಏನಿಟ್ಟರೂ ಆ ಮಿತಿ ದಾಟೋಕೆ ಆಗಲ್ಲ. ಒಳ್ಳೇ ಅರೇ ತಲೆಯ ನಡುಭಾಗದಲ್ಲಿ ಈಗಾಗಲೇ ಆ ಮಿತಿಗೆ ಸಾಕಷ್ಟು ಹತ್ತಿರ ಹೋಗಿರುತ್ತೆ.

ಹಾಗಾದರೆ ಮೆಟಾಸರ್ಫೇಸ್ ಯಾಕೆ? ಕಳಿಸುವ ಕಡೆಗೆ. ಅಲೆ ಎಲ್ಲಿ ಬೀಳಬೇಕು, ಎಲ್ಲಿ ಬೀಳುತ್ತಿಲ್ಲ ಅನ್ನೋದನ್ನು ಸರಿ ಮಾಡೋಕೆ. ಟೆಂಪೊರಲ್ ಲೋಬ್‌ನಲ್ಲಿ ಅಲೆಯೇ ತಲುಪದಿದ್ದರೆ 32 ಅಲ್ಲ, 64 ಚಾನೆಲ್ ಇಟ್ಟು ಹಿಡಿಯೋಕೆ ಕೂತರೂ ಅಲ್ಲಿ ಹಿಡಿಯೋಕೆ ಏನೂ ಇರಲ್ಲ. ಮೆಟಾಸರ್ಫೇಸಿನ ಬೆಲೆ ಇರುವುದು ಈ ಕಪ್ಪು ಜಾಗದಲ್ಲಿ ಅಂತ ನನ್ನ ನಂಬಿಕೆ. ನಾಲ್ಕು ಪಟ್ಟು ಅಂತ ಸುದ್ದಿ ಹಬ್ಬಿಸಿದರೆ, ನಾಳೆ ಒಬ್ಬರು ಒಳ್ಳೇ ಅರೇ ಪಕ್ಕ ಇಟ್ಟು ಅಳೆದು "ಇದೆಲ್ಲ ಸುಳ್ಳು" ಅಂತ ಪೂರ್ತಿ ಕೈಬಿಡುತ್ತಾರೆ. ನನಗೆ ಆ ಭಯ ಇದೆ.

ಬೆಣ್ಣೆದೋಸೆ_ದಾವಣಗೆರೆ · ಮಂಗಳವಾರ ಸಂಜೆ 6:30

ಅಕ್ಕ, ನಾನು ಎಲೆಕ್ಟ್ರಾನಿಕ್ಸ್ ಫೈನಲ್ ಇಯರ್. ಎರಡು ಸಲ ಓದಿದೆ. ಕಳಿಸುವ ಕಡೆ ಸರಿ ಮಾಡೋಕೆ ಬೇರೆ ದಾರಿ ಇಲ್ವಾ? ಎಂಟು ಕಾಯಿಲ್ ಇಟ್ಟು ಒಂದೊಂದಕ್ಕೂ ಬೇರೆ ಬೇರೆ ಫೇಸ್ (ಅಲೆ ಸ್ವಲ್ಪ ಹಿಂದೆ ಮುಂದೆ ಶುರುವಾಗೋ ಹಾಗೆ) ಕೊಟ್ಟರೆ ಆಗಲ್ವಾ? ಆಮೇಲೆ, ಕಾಲೇಜಿನಲ್ಲಿ ಮಾಡಿ ನೋಡೋಕೆ ಆಗುವಂಥದ್ದು ಏನಾದರೂ ಇದೆಯಾ? ನಮ್ಮಲ್ಲಿ ಇರೋದು ಒಂದು ನ್ಯಾನೋವಿಎನ್‌ಎ (ಯಾವ ಫ್ರೀಕ್ವೆನ್ಸಿಗೆ ಸರ್ಕ್ಯೂಟ್ ಹೇಗೆ ಉತ್ತರ ಕೊಡುತ್ತೆ ಅಂತ ತೋರಿಸುವ ಚಿಕ್ಕ ಮೀಟರ್) ಅಷ್ಟೇ. ಎಂಆರ್‌ಐ ಅಂತೂ ಇಲ್ಲ.

ಸುರುಳಿ_ಸಾಗರ · ಮಂಗಳವಾರ ರಾತ್ರಿ 11:10

ತಮ್ಮಾ, ನೀನು ಹೇಳಿದ ದಾರಿ ಇದೆ. ಪ್ಯಾರಲಲ್ ಟ್ರಾನ್ಸ್‌ಮಿಟ್ ಅಂತಾರೆ. ಎಂಟು ಚಾನೆಲ್, ಎಂಟು ಪವರ್ ಆಂಪ್ಲಿಫೈಯರ್. ಹಾಳೆಗಿಂತ ತುಂಬಾ ಶಕ್ತಿಯುತ, ಯಾಕೆಂದರೆ ಪ್ರತಿ ತಲೆಗೂ ಬದಲಿಸಬಹುದು. ಆದರೆ ದುಬಾರಿ. ಬಿಸಿ ಎಲ್ಲಿ ಆಗುತ್ತೆ ಅಂತ ಲೆಕ್ಕ ಇಡುವುದೂ ಕಷ್ಟ. ಹಾಳೆಗೆ ಕರೆಂಟ್ ಬೇಡ, ಕೇಬಲ್ ಬೇಡ. ಎರಡನ್ನೂ ಸೇರಿಸಿದರೆ ಇನ್ನೂ ಒಳ್ಳೇದು ಅಂತ ನನ್ನ ಅನಿಸಿಕೆ.

ನ್ಯಾನೋವಿಎನ್‌ಎ ಇದ್ದರೆ ಧಾರಾಳವಾಗಿ ಸಾಕು. 298ಕ್ಕೆ ಈಗಲೇ ಹೋಗಬೇಡ, 128ರಲ್ಲಿ ಶುರು ಮಾಡು. 2 ಮಿಲಿಮೀಟರ್ ತಾಮ್ರದ ತಂತಿ ತಗೊಂಡು 5 ಸೆಂಟಿಮೀಟರ್ ಅಡ್ಡಳತೆಯ ರಿಂಗ್ ಮಾಡು. ಅದರ ಇಂಡಕ್ಟೆನ್ಸ್ ಸುಮಾರು 100 ನ್ಯಾನೋಹೆನ್ರಿ ಬರುತ್ತೆ. 128 ಮೆಗಾಹರ್ಟ್ಸ್‌ಗೆ ಕೂರಿಸಲು ಸುಮಾರು 15.5 ಪಿಕೋಫ್ಯಾರಡ್ ಬೇಕು. 10 ಪಿಕೋಫ್ಯಾರಡ್ ಒಂದು, ಅದರ ಪಕ್ಕಕ್ಕೆ 2ರಿಂದ 10ರ ಟ್ರಿಮ್ಮರ್ (ತಿರುಗಿಸಿ ಬದಲಿಸುವ ಕೆಪಾಸಿಟರ್) ಒಂದು. ಇದೇ ರಿಂಗನ್ನು 298ಕ್ಕೆ ಕೂರಿಸಬೇಕಾದರೆ 2.85 ಪಿಕೋಫ್ಯಾರಡ್ ಸಾಕು. ಬೆಸುಗೆ ಹಾಕಿದ ತವರದ ಉಂಡೆ, ನಿನ್ನ ಬೆರಳು, ಎಲ್ಲವೂ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಅದಕ್ಕೇ 128 ಅಂದದ್ದು.

ಇಂಥ ಎರಡು ರಿಂಗ್ ಮಾಡು. ಒಂದು ಕಾಯಿಲ್ ಅಂದುಕೋ, ಇನ್ನೊಂದು ಮೆಟಾಸರ್ಫೇಸಿನ ಒಂದೇ ಒಂದು ತುಂಡು. ಕಾಯಿಲ್‌ಗೆ ನ್ಯಾನೋವಿಎನ್‌ಎಗೆ ಜೋಡಿಸಿದ ಒಂದು ಚಿಕ್ಕ ಲೂಪ್‌ನಿಂದ ಕರೆಂಟ್ ಕೊಡು, ಪರದೆ ಮೇಲಿನ ಗೆರೆಯಲ್ಲಿ ಒಂದು ಗುಂಡಿ (ತಗ್ಗು) ಕಾಣಿಸುತ್ತೆ. ಈಗ ಅಂಗೈಯನ್ನು ಮೆಲ್ಲಗೆ ಹತ್ತಿರ ತಾ. ಗುಂಡಿ ಎಡಕ್ಕೆ ಜಾರಿ, ಆಳ ಬದಲಾಗಿ, ಅಗಲ ಆಗುತ್ತೆ. ಎಡಕ್ಕೆ ಜಾರಿದ್ದು ನಿನ್ನ ಕೈ ಕೆಪಾಸಿಟರ್ ಥರ ಸೇರಿದ್ದಕ್ಕೆ. ಅಗಲ ಆದದ್ದು ಕೈಯಲ್ಲಿರುವ ಉಪ್ಪು ನೀರು ಶಕ್ತಿ ಹೀರಿದ್ದಕ್ಕೆ. ಎಂಆರ್‌ಐನಲ್ಲಿ ಪೇಷಂಟ್ ಮಾಡುವುದೂ ಇದನ್ನೇ.

ಆಮೇಲೆ ಎರಡನೇ ರಿಂಗ್ ಹತ್ತಿರ ತಾ, ಏನಾಗುತ್ತೆ ಬರೆ. ಮುಂದಿನದು ಆಮೇಲೆ ಹೇಳ್ತೀನಿ.

ಸ್ಯಾಂಕಿ_ಆಂಟೆನಾ · ಬುಧವಾರ ಬೆಳಿಗ್ಗೆ 6:50

ನಿಮ್ಮ 40 ಹೋಗಿ 9 ಆದ ಕಥೆ ಓದಿ ನನ್ನ ಅನುಮಾನ ಅರ್ಧ ಹೋಯಿತು. ಇದನ್ನು ಹೇಳುವವರು ಕಡಿಮೆ.

ನನ್ನ ಕಡೆಯಿಂದ ಒಂದು ಸೇರಿಸ್ತೀನಿ. ಎಲ್ಲರೂ ಹಾಳೆಯನ್ನು ಕಾಯಿಲ್‌ಗೂ ಮೈಗೂ ನಡುವೆ ಇಡುವ ಮಾತೇ ಆಡ್ತಿದ್ದಾರೆ. ಕಾಯಿಲ್ ಬೆನ್ನ ಹಿಂದೆ ಇಡುವುದು ನನಗೆ ಇದಕ್ಕಿಂತ ಚೆನ್ನಾಗಿ ಕಾಣುತ್ತೆ. ಎಂಆರ್‌ಐ ಕಾಯಿಲ್ ಹಿಂದೆ ತಾಮ್ರದ ಶೀಲ್ಡ್ ಇರುತ್ತಲ್ವಾ? ಕಾಯಿಲ್ ಕರೆಂಟ್ ಈ ಕಡೆ ಹೋದರೆ ಶೀಲ್ಡಿನಲ್ಲಿ ಅದರ ಪ್ರತಿಬಿಂಬ ಉಲ್ಟಾ ದಿಕ್ಕಿಗೆ ಹೋಗುತ್ತೆ. ಒಂದು ಮೀಟರ್ ಅಲೆಗೆ ಶೀಲ್ಡ್ 2 ಸೆಂಟಿಮೀಟರ್ ಹಿಂದೆ ಇದ್ದರೆ, ಹೋಗಿ ಬರುವ ದಾರಿಗೆ ಸೇರುವ ಫೇಸ್ ಬರೀ 14 ಡಿಗ್ರಿ. ಅಂದರೆ ಪ್ರತಿಬಿಂಬ ನಿಮ್ಮ ಕರೆಂಟನ್ನು ಹೆಚ್ಚುಕಡಿಮೆ ಪೂರ್ತಿ ಹೊಡೆದು ಹಾಕುತ್ತೆ. ತಪ್ಪಿಸಬೇಕಾದರೆ ಕಾಲು ಅಲೆ, 25 ಸೆಂಟಿಮೀಟರ್ ಹಿಂದೆ ಸರಿಸಬೇಕು. ಕೊಳವೆಯೊಳಗೆ ಅಷ್ಟು ಜಾಗ ಎಲ್ಲಿದೆ?

1999ರಲ್ಲಿ ಸೀವನ್‌ಪೈಪರ್ ಅಣಬೆಯ ಸಾಲಿನಂಥ ಒಂದು ಹಾಸು ಮಾಡಿ ತೋರಿಸಿದರು. ಮೇಲೆ ಚಿಕ್ಕ ಚಿಕ್ಕ ಲೋಹದ ತಟ್ಟೆ, ಪ್ರತಿಯೊಂದರ ನಡುವಿನಿಂದ ಕೆಳಗಿನ ನೆಲಕ್ಕೆ ಒಂದು ಕಡ್ಡಿ. ಅದರ ರೆಸೊನೆನ್ಸ್‌ನಲ್ಲಿ, ಅಂದರೆ ಅದರ ಸ್ವಂತ ಶ್ರುತಿಯ ಫ್ರೀಕ್ವೆನ್ಸಿಯಲ್ಲಿ, ಪ್ರತಿಬಿಂಬ ಉಲ್ಟಾ ಆಗಲ್ಲ, ಅದೇ ದಿಕ್ಕಿಗೇ ಬರುತ್ತೆ. ಹೊಡೆಯುವ ಬದಲು ಕೂಡುತ್ತೆ. ಜರ್ಮನಿಯ ಡ್ಯೂಸ್‌ಬರ್ಗ್-ಎಸ್ಸೆನ್ ತಂಡ 7 ಟೆಸ್ಲಾ ಡೈಪೋಲ್ (ಲೂಪ್ ಬದಲು ನೇರ ಕಡ್ಡಿಯಂಥ) ಕಾಯಿಲ್ ಹಿಂದೆ ಇಂಥ ಹಾಸು ಇಡುವ ಕೆಲಸ ಮಾಡಿದೆ. ನಿಮ್ಮ ಅನುಭವ ಹೇಗೆ?

ಸುರುಳಿ_ಸಾಗರ · ಬುಧವಾರ ರಾತ್ರಿ 8:20

ಸರ್, ಇದು ನನ್ನ ಈಗಿನ ಕೆಲಸಕ್ಕೆ ತುಂಬಾ ಹತ್ತಿರ! ನೀವು ಹೇಳಿದ ತತ್ವ ಸರಿ. ಇನ್ನೊಂದು ಲಾಭವೂ ಇದೆ, ಅದು ರೇಡಾರ್‌ನಲ್ಲಿ ಬರಲ್ಲ. ಎಂಆರ್‌ಐನಲ್ಲಿ ಗ್ರೇಡಿಯಂಟ್ ಕಾಯಿಲ್‌ಗಳು (ಸಿಗ್ನಲ್ ಯಾವ ಜಾಗದ್ದು ಅಂತ ಗುರುತಿಸೋಕೆ ಇರುವವು) ಕಿಲೋಹರ್ಟ್ಸ್‌ನಲ್ಲಿ ಟಕಟಕ ಬಡಿಯುತ್ತವೆ, ಆ ಸದ್ದು ಸ್ಕ್ಯಾನ್ ಮಾಡಿಸಿಕೊಂಡವರಿಗೆಲ್ಲ ಗೊತ್ತು. ಇಡೀ ತಾಮ್ರದ ತಗಡು ಇದ್ದರೆ ಅದರಲ್ಲಿ ಎಡ್ಡಿ ಕರೆಂಟ್ (ತಗಡಿನೊಳಗೇ ಸುತ್ತುವ ಕರೆಂಟ್) ಎದ್ದು ಚಿತ್ರ ಸೊಟ್ಟ ಆಗುತ್ತೆ. ಅದಕ್ಕೇ ಮಾಮೂಲಿ ಶೀಲ್ಡನ್ನು ಸೀಳಿ ಸೀಳಿ ಇಡುತ್ತೇವೆ. ಅಣಬೆ ಹಾಸಿನ ಮೇಲ್ಭಾಗ ಮೊದಲೇ ತುಂಡುತುಂಡು. ಕೆಳಗಿನ ನೆಲವನ್ನು ಮಾತ್ರ ಸೀಳಿದರೆ ಸಾಕು.

ಕಷ್ಟ ಎರಡು. ಒಂದು, 300 ಮೆಗಾಹರ್ಟ್ಸ್‌ಗೆ ಆ ತಟ್ಟೆಗಳು ದೊಡ್ಡದಾಗುತ್ತವೆ. ಚಿಕ್ಕದು ಮಾಡಬೇಕಾದರೆ ಕೆಪಾಸಿಟೆನ್ಸ್ ಏರಿಸಬೇಕು. ಆಗ ಅದು ಕೆಲಸ ಮಾಡುವ ಫ್ರೀಕ್ವೆನ್ಸಿ ವ್ಯಾಪ್ತಿ ಬಹಳ ಕಿರಿದಾಗುತ್ತೆ, ಪೇಷಂಟ್ ದಪ್ಪ ಇದ್ದರೆ ಒಂಥರ, ಸಣ್ಣ ಇದ್ದರೆ ಇನ್ನೊಂಥರ. ಎರಡು, ಬೋರ್ಡಿನ ನಷ್ಟ. ಅಂಗಡಿಯಲ್ಲಿ ಸಿಗುವ ಎಫ್‌ಆರ್-4 ಬೋರ್ಡಿನ ಲಾಸ್ ಟ್ಯಾಂಜೆಂಟ್ (ಶಕ್ತಿ ನಷ್ಟದ ಅಳತೆ) 0.02ರ ಹತ್ತಿರ. ರೆಸೊನೆನ್ಸ್‌ನಲ್ಲಿ ಕೂತ ಹಾಸಿನ ಪಾಲಿಗೆ ಅದು ವಿಷ. ನಾನು ಮೊದಲ ಹಾಸು ಎಫ್‌ಆರ್-4ನಲ್ಲೇ ಮಾಡಿದ್ದೆ. ಸಿಮ್ಯುಲೇಶನ್‌ನಲ್ಲಿ ಬಂದ ಲಾಭವನ್ನೆಲ್ಲ ಬೋರ್ಡ್ ತಿಂದು ಹಾಕಿತ್ತು. ಆರ್‌ಒ4003ಸಿ ಬೋರ್ಡಿಗೆ ಬದಲಿಸಿದೆ, ಅದರದ್ದು 0.0027. ಬೆಲೆ ನೋಡಿ ಕೈ ನಡುಗಿತು, ಆದರೆ ಫಲಿತಾಂಶ ಬಂತು.

ಮೂರನೇ ಉಪಯೋಗ ಒಂದು ಇದೆ, ಬೇಗ ಹೇಳಿಬಿಡ್ತೀನಿ. ಅಕ್ಕಪಕ್ಕದ ಎರಡು ಡೈಪೋಲ್‌ಗಳು ಒಂದರ ಮಾತು ಇನ್ನೊಂದು ಕೇಳದಂತೆ ನಡುವೆ ಮೆಟಾಸರ್ಫೇಸ್ ನಿಲ್ಲಿಸುವುದು. ಲೂಪ್‌ಗಳನ್ನು ಒಂದರ ಮೇಲೊಂದು ಸ್ವಲ್ಪ ಹೊಂದಿಸಿ ಇಟ್ಟರೆ ಅವು ಬೇರೆಯಾಗುತ್ತವೆ. ಡೈಪೋಲ್‌ನಲ್ಲಿ ಆ ಉಪಾಯ ನಡೆಯಲ್ಲ. 2016ರಲ್ಲಿ 7 ಟೆಸ್ಲಾ ಬಾಡಿ ಅರೇಗೆ ಇದನ್ನು ಪ್ರಯೋಗದಲ್ಲಿ ತೋರಿಸಿದ್ದಾರೆ.

ಹುಬ್ಬಳ್ಳಿ_ಸ್ಕ್ಯಾನ್ · ಬುಧವಾರ ರಾತ್ರಿ 9:55

ನನ್ನ ಬಿಸಿ ಪ್ರಶ್ನೆಗೆ ಉತ್ತರ ಬರಲಿಲ್ಲ ಮೇಡಂ. ಪೇಷಂಟನ್ನ ಒಳಗೆ ಕಳಿಸಿ ಗಾಜಿನ ಈ ಕಡೆ ಕೂರೋರು ನಾವು. ಅವರ ಕೈಯಲ್ಲಿ ಇರೋದು ಒಂದು ರಬ್ಬರ್ ಉಂಡೆ ಅಷ್ಟೇ. ಅದನ್ನ ಒತ್ತೋ ಹೊತ್ತಿಗೆ ಸುಟ್ಟಿದ್ದರೆ?

ಸುರುಳಿ_ಸಾಗರ · ಗುರುವಾರ ಬೆಳಿಗ್ಗೆ 10:30

ತಡವಾಯಿತು ಸರ್, ಕ್ಷಮಿಸಿ. ಮೊದಲು ಉತ್ತರ ಕೊಡಬೇಕಾಗಿದ್ದು ನಿಮಗೇ.

ಭಯ ಸರಿಯಾದದ್ದೇ. ಕಳಿಸುವಾಗ ಕಿಲೋವ್ಯಾಟ್ ಲೆಕ್ಕದಲ್ಲಿ ಪಲ್ಸ್ ಹೋಗುತ್ತೆ. ಆಗ ಹಾಳೆಯ ರಿಂಗ್‌ಗಳು ಅದೇ ಫ್ರೀಕ್ವೆನ್ಸಿಯಲ್ಲಿ ಕೂತಿದ್ದರೆ, ಅಲೆಯನ್ನು ತನ್ನ ಪಕ್ಕದಲ್ಲೇ ಗುಡ್ಡೆ ಹಾಕುತ್ತವೆ. ಆ ಜಾಗದಲ್ಲಿ ಮೈ ಬಿಸಿಯಾಗುತ್ತೆ. ಐಇಸಿ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮದ ಪ್ರಕಾರ ತಲೆಗೆ ಸರಾಸರಿ ಕಿಲೋಗೆ 3.2 ವ್ಯಾಟ್ ಮಿತಿ. ಲೋಕಲ್ ಕಾಯಿಲ್ ಇದ್ದರೆ ತಲೆಯ ಯಾವುದೇ 10 ಗ್ರಾಂ ಭಾಗದಲ್ಲಿ ಕಿಲೋಗೆ 10 ವ್ಯಾಟ್. ಯಂತ್ರಕ್ಕೆ ನಿಮ್ಮ ಹಾಳೆ ಅಲ್ಲಿದೆ ಅಂತ ಗೊತ್ತೇ ಇರಲ್ಲ. ಅದು ಹಾಳೆ ಇಲ್ಲದ ಲೆಕ್ಕವನ್ನೇ ಹಾಕುತ್ತಿರುತ್ತೆ.

ಮಾಮೂಲಿ ರಿಸೀವ್ ಕಾಯಿಲ್‌ನಲ್ಲಿ ಇದಕ್ಕೇ ಪಿನ್ ಡಯೋಡ್ ಇರುತ್ತೆ. ಕಳಿಸುವಾಗ ಯಂತ್ರವೇ ಕರೆಂಟ್ ಕೊಟ್ಟು ಕಾಯಿಲ್ ಶ್ರುತಿ ಕೆಡಿಸುತ್ತೆ. ಜೊತೆಗೆ ತನ್ನಷ್ಟಕ್ಕೆ ಕೆಲಸ ಮಾಡುವ ಜೋಡಿ ಡಯೋಡ್, ಅದೂ ಕೈಕೊಟ್ಟರೆ ಫ್ಯೂಸ್. ಕೇಬಲ್ ಇಲ್ಲದ ಹಾಳೆಗೆ ಇದನ್ನು ಕೊಡುವುದು ಹೇಗೆ? ಬೋಸ್ಟನ್ ತಂಡವೇ 2019ರಲ್ಲಿ ಒಂದು ದಾರಿ ತೋರಿಸಿತು. ಒಂದು ರಿಂಗಿನಲ್ಲಿ ವ್ಯಾರಾಕ್ಟರ್ ಡಯೋಡ್ ಇಟ್ಟರು. ಜೋರು ಪಲ್ಸ್ ಬಂದಾಗ ಅದರ ಕೆಪಾಸಿಟೆನ್ಸ್ ಬದಲಾಗಿ ಇಡೀ ಹಾಸಿನ ಶ್ರುತಿ ತಾನೇ ಸರಿಯುತ್ತೆ. ಮೈಯಿಂದ ಸಣ್ಣ ಸಿಗ್ನಲ್ ಬರುವಾಗ ಮತ್ತೆ ಜಾಗಕ್ಕೆ ಬಂದು ಕೂರುತ್ತೆ. ನನಗೆ ಆ 4.2 ಅನ್ನೋ ಅಂಕಿಗಿಂತ ಈ ಡಯೋಡಿನ ಉಪಾಯ ದೊಡ್ಡದಾಗಿ ಕಾಣುತ್ತೆ.

ಕಳಿಸುವ ಅಲೆಯನ್ನೇ ತಿದ್ದುವ ಹಾಳೆಗೆ ಇದು ಆಗಲ್ಲ, ಯಾಕೆಂದರೆ ಅದು ಕಳಿಸುವಾಗಲೇ ಕೆಲಸ ಮಾಡಬೇಕು. ಅಲ್ಲಿ ಪಟ್ಟಿಗಳನ್ನು ರೆಸೊನೆನ್ಸ್‌ಗಿಂತ ದೂರ ಇಡಬೇಕು. ಪಟ್ಟಿ ಸ್ವಲ್ಪ ಗಿಡ್ಡ ಇದ್ದರೆ ಅದು ಪ್ಯಾಡ್ ಥರವೇ ಮೆತ್ತಗೆ ವರ್ತಿಸುತ್ತೆ. ಲಾಭ ಕಡಿಮೆ, ಆದರೆ ಎಲ್ಲೋ ಒಂದು ಕಡೆ ಅಲೆ ಗುಡ್ಡೆ ಆಗಲ್ಲ. ಆಮೇಲೆ ಆ ಹಾಳೆ ಸೇರಿಸಿಯೇ ಎಸ್‌ಎಆರ್ (ಕಿಲೋಗೆ ಮೈ ಎಷ್ಟು ವ್ಯಾಟ್ ಹೀರುತ್ತೆ ಅನ್ನೋ) ಲೆಕ್ಕ ಮತ್ತೆ ಹಾಕಬೇಕು, ಫ್ಯಾಂಟಮ್‌ನಲ್ಲಿ ಫೈಬರ್ ಆಪ್ಟಿಕ್ ತೆರ್ಮಾಮೀಟರ್ ಇಟ್ಟು ಅಳೆಯಬೇಕು.

ಒಂದು ಕೈ ಮುಗಿದು ಕೇಳ್ತೀನಿ. ಇಲ್ಲಿ ಓದಿದ್ದನ್ನು ನೋಡಿ ಯಾರೂ ತಾಮ್ರದ ಹಾಳೆ ಮಾಡಿಕೊಂಡು ಮನುಷ್ಯರ ಮೇಲೆ ಇಡಬೇಡಿ. ನಿಮ್ಮ ಕೈ ಮೇಲೂ ಬೇಡ.

ಹುಬ್ಬಳ್ಳಿ_ಸ್ಕ್ಯಾನ್ · ಗುರುವಾರ ಮಧ್ಯಾಹ್ನ 2:15

ಈಗ ಸಮಾಧಾನ ಆತು. ಇದನ್ನ ಪ್ರಿಂಟ್ ತೆಗೆದು ನಮ್ಮ ಹೊಸ ಹುಡುಗರಿಗೆ ಕೊಡ್ತೀನಿ. ವೈರ್ ಯಾಕೆ ಸುತ್ತಬಾರದು ಅಂದರೆ "ಪುಸ್ತಕದಲ್ಲಿ ಇದೆ" ಅಂತಿದ್ರು. ಈಗ ಕಾರಣ ಗೊತ್ತಾಗುತ್ತೆ.

ಸ್ಯಾಂಕಿ_ಆಂಟೆನಾ · ಗುರುವಾರ ರಾತ್ರಿ 9:30

ನಮ್ಮ ಊರಿಗೆ ಇದರಿಂದ ಏನು ಅಂತ ಯೋಚಿಸ್ತಿದ್ದೆ. ನಮ್ಮ ಜಿಲ್ಲೆಗಳಲ್ಲಿ ಇರೋದು 1.5, ಅಲ್ಲೊಂದು ಇಲ್ಲೊಂದು 3. ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ ಕಂಪನಿ 1.5 ಟೆಸ್ಲಾ ಯಂತ್ರವನ್ನು ಇಲ್ಲೇ ಕಟ್ಟಿದೆ. ಅಂಥ ಕಡೆ ಬಾಡಿ ಕಾಯಿಲ್‌ಗೆ ಹೋಲಿಸುವುದು ಮೋಸ ಅಂತ ನಾನೇ ಹೇಳಿದ್ದೆ. ಆದರೆ ಒಂದು ಆಸ್ಪತ್ರೆಯಲ್ಲಿ ಮಣಿಕಟ್ಟಿನ ಕಾಯಿಲ್ ಇಲ್ಲವೇ ಇಲ್ಲ, ಇರೋದು ಬಾಡಿ ಕಾಯಿಲ್ ಮಾತ್ರ ಅಂದರೆ? ಅಲ್ಲಿ ಕೇಬಲ್ ಇಲ್ಲದ, ಪ್ಲಗ್ ಇಲ್ಲದ, ಯಾವ ಕಂಪನಿಯ ಯಂತ್ರಕ್ಕಾದರೂ ಹೊಂದುವ ತುಂಡು ಒಂದು ಸಿಕ್ಕರೆ ಅದು ನಿಜವಾದ ಉಪಕಾರ. ಐಟಿಎಂಒ ತಂಡ 2020ರಲ್ಲಿ ಸೆರಾಮಿಕ್ ರೆಸೊನೇಟರ್ ಇಟ್ಟು 1.5ರಲ್ಲಿ ಸ್ತನದ ಎಂಆರ್‌ಐ ಮಾಡಿ ತೋರಿಸಿದ್ದು ಈ ದಾರಿಯಲ್ಲೇ. ಸುರುಳಿ ಮೇಡಂ, ನಿಮ್ಮ ಕಪ್ಪು ಜಾಗದ ಮಾತು 7ಕ್ಕೆ ಸರಿ. ನಮ್ಮ 1.5ಕ್ಕೆ ಕಾಯಿಲ್ ಇಲ್ಲದ ಜಾಗವೇ ಕಪ್ಪು ಜಾಗ.

ಸುರುಳಿ_ಸಾಗರ · ಶುಕ್ರವಾರ ಬೆಳಿಗ್ಗೆ 8:00

ಇದನ್ನು ನಾನು ಯೋಚಿಸಿರಲಿಲ್ಲ ಸರ್. ಇಲ್ಲಿ ಎಲ್ಲ ಕಾಯಿಲ್ ಕಪಾಟಿನಲ್ಲಿ ಸಾಲಾಗಿ ಇರುತ್ತವೆ, ಹಾಗಾಗಿ ಹೊಳೆಯಲೇ ಇಲ್ಲ. ಒಪ್ಪಿದೆ. ಆ ಡಯೋಡಿನ ಕಾವಲು ಮಾತ್ರ ಅದಕ್ಕೂ ಬೇಕೇ ಬೇಕು.

ಬೆಣ್ಣೆದೋಸೆ_ದಾವಣಗೆರೆ · ಶನಿವಾರ ರಾತ್ರಿ 10:45

ಅಕ್ಕ, ಮಾಡಿದೆ! ಟ್ರಿಮ್ಮರ್‌ಗೋಸ್ಕರ ಬೆಂಗಳೂರಿಗೆ ಬಸ್ ಹತ್ತಿ ಎಸ್‌ಪಿ ರೋಡ್‌ಗೇ ಹೋಗಿ ಬಂದೆ.

ಎರಡೂ ರಿಂಗನ್ನು ಬೇರೆ ಬೇರೆಯಾಗಿ 128ಕ್ಕೆ ಕೂರಿಸಿದೆ. ಎದುರುಬದುರು 4 ಸೆಂಟಿಮೀಟರ್ ದೂರದಲ್ಲಿ ಇಟ್ಟಾಗ ಒಂದೇ ಗುಂಡಿ ಇದ್ದದ್ದು ಎರಡಾಯಿತು. ಒಂದು 124ರ ಹತ್ತಿರ, ಇನ್ನೊಂದು 133ರ ಹತ್ತಿರ. 128ರಲ್ಲಿ ಏನೂ ಇಲ್ಲ! ಹತ್ತಿರ ತಂದಷ್ಟೂ ಎರಡು ಗುಂಡಿ ದೂರ ದೂರ ಹೋಗುತ್ತವೆ. ಅರ್ಧ ಗಂಟೆ ಸುಮ್ನೆ ಹತ್ತಿರ ದೂರ ಮಾಡ್ತಾ ಕೂತಿದ್ದೆ. ಎಷ್ಟು ಚೆಂದ ಕಾಣುತ್ತೆ ಅಕ್ಕ.

ಸುರುಳಿ_ಸಾಗರ · ಭಾನುವಾರ ಬೆಳಿಗ್ಗೆ 9:15

ಭಲೇ! ಅದಕ್ಕೇ ಹಾಳೆಯನ್ನು ಕಾಯಿಲಿನ ಫ್ರೀಕ್ವೆನ್ಸಿಗೇ ಕೂರಿಸಬಾರದು. ಈಗ ಎರಡನೇ ರಿಂಗನ್ನು 140ಕ್ಕೆ ಏರಿಸು. ಅದರ ಆಚೆ ಪಕ್ಕ ಒಂದು ಚಿಕ್ಕ ಲೂಪ್ ಇಟ್ಟು, 128ರಲ್ಲಿ ಎಷ್ಟು ಸಿಗ್ನಲ್ ತಲುಪುತ್ತೆ ಅಂತ ನ್ಯಾನೋವಿಎನ್‌ಎಯ ಎಸ್21ರಲ್ಲಿ (ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿದ್ದರ ಅಳತೆ) ನೋಡು. ಆಮೇಲೆ ಅದೇ ರಿಂಗನ್ನು 118ಕ್ಕೆ ಇಳಿಸಿ ನೋಡು. ರಿಂಗ್ 128ಕ್ಕಿಂತ ಮೇಲೆ ಕೂತಿದ್ದರೆ ಅದರ ಕರೆಂಟ್ ಕಾಯಿಲಿನ ಫ್ಲಕ್ಸ್ ಜೊತೆ ಕೂಡುತ್ತೆ. ಕೆಳಗೆ ಕೂತಿದ್ದರೆ ಎದುರು ನಿಲ್ಲುತ್ತೆ. ಅದೇ ತಂತಿ, ಅದೇ ಜಾಗ, ಟ್ರಿಮ್ಮರ್ ಸ್ವಲ್ಪ ತಿರುಗಿಸಿದ್ದಷ್ಟೇ.

ಆಮೇಲೆ ಫ್ಯಾಂಟಮ್ ಇಡು. ಒಂದು ಡಬ್ಬಿ ನೀರಿಗೆ ಸಕ್ಕರೆ, ಉಪ್ಪು. ಸಕ್ಕರೆ ಪರ್ಮಿಟಿವಿಟಿ ಇಳಿಸುತ್ತೆ, ಉಪ್ಪು ಕಂಡಕ್ಟಿವಿಟಿ ಏರಿಸುತ್ತೆ. ಇಲ್ಲಿ ನಾವೂ ಅದನ್ನೇ ಕಲಸೋದು.

ಬೆಣ್ಣೆದೋಸೆ_ದಾವಣಗೆರೆ · ಮಂಗಳವಾರ ರಾತ್ರಿ 11:30

140ರಲ್ಲಿ ಏರಿತು, 118ರಲ್ಲಿ ಇಳಿಯಿತು, ನೀವು ಹೇಳಿದ ಹಾಗೇ. ಸಕ್ಕರೆ ನೀರಿನ ಡಬ್ಬಿ ಇಟ್ಟ ಮೇಲೆ ಗುಂಡಿ ಅಗಲ ಆಗಿ ಲಾಭ ಸ್ವಲ್ಪ ಕಡಿಮೆ ಆಯ್ತು. ಆದರೂ ರಿಂಗ್ ಇಲ್ಲದ್ದಕ್ಕಿಂತ ಚೆನ್ನಾಗೇ ಇದೆ. ಇದನ್ನೇ ರಿಪೋರ್ಟಲ್ಲಿ ಹಾಕ್ಲಾ?

ಸುರುಳಿ_ಸಾಗರ · ಬುಧವಾರ ಬೆಳಿಗ್ಗೆ 7:50

ರಿಂಗ್ ತೆಗೆದ ಮೇಲೆ ಕಾಯಿಲನ್ನು ಮತ್ತೆ 128ಕ್ಕೆ ಕೂರಿಸಿ ಅಳೆದೆಯಾ?

ಬೆಣ್ಣೆದೋಸೆ_ದಾವಣಗೆರೆ · ಬುಧವಾರ ರಾತ್ರಿ 10:20

ಇಲ್ಲ ಅಕ್ಕ. ಇವತ್ತು ಕೂರಿಸಿ ಅಳೆದೆ. ಲಾಭದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು. ಪೂರ್ತಿ ಹೋಗಿಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಅಷ್ಟೇ ಉಳಿಯಿತು.

ಸುರುಳಿ_ಸಾಗರ · ಬುಧವಾರ ರಾತ್ರಿ 10:32

ಮೂರೂ ಗೆರೆ ಒಂದೇ ಗ್ರಾಫಿನಲ್ಲಿ ಹಾಕಿ ಇಲ್ಲಿ ಅಂಟಿಸು. ರಿಪೋರ್ಟಲ್ಲಿ ಹೋದದ್ದನ್ನೂ ಬರೆ, ಉಳಿದದ್ದನ್ನೂ ಬರೆ. ಶನಿವಾರ ಒಂದೇ ರಿಂಗಿನ ಬದಲು ಒಂಬತ್ತು ರಿಂಗ್ ಸಾಲಾಗಿ ಇಟ್ಟು ನೋಡೋಣ. ತಂತಿ ಉಳಿದಿದೆ ತಾನೇ?